ಮೆಸ್ ಬಾಗಿಲ ಮೇಲಿನ ವಾಕ್ಯ

ಮಾರ್ಚ್ ೨
ಅಪ್ಪನಿಗೆ, ಮಾತಿನಲ್ಲಿ

ಅಪ್ಪಾ, ಇದನ್ನ ಪೂರ್ತಿ ಕೇಳು. ಅರ್ಧಕ್ಕೆ ನಿಲ್ಲಿಸಿ "ಆಮೇಲೆ ಕೇಳ್ತೀನಿ" ಅನ್ಬೇಡ. ಎಂಟು ಗಂಟೆ ಬೆಡ್‌ಶೀಟ್ ಎಳೆದಿದೀನಿ, ಟೈಪ್ ಮಾಡೋಕೆ ಬೆರಳು ಬಗ್ತಿಲ್ಲ. ಅದಕ್ಕೇ ಮೆಟ್ಟಿಲ ಮೇಲೆ ಕೂತು ಮಾತಾಡ್ತಿದೀನಿ.

ನೀನು ದಿನಾ ಬೆಳಿಗ್ಗೆ ಚರ್ಚಿನ ಸಭೆಯ ಗ್ರೂಪಿಗೆ ಬೈಬಲ್ ವಾಕ್ಯ ಬರೆದು ಕಾರ್ಡ್ ಕಳಿಸ್ತೀಯಲ್ಲ, ಒಂದಿನ ಜಲಪಾತ, ಒಂದಿನ ಹಂಸ, ಕೆಳಗೆ ನಿನ್ನ ಹೆಸರು, "ಸಭೆಯ ಹಿರಿಯರು" ಅಂತ. ಅದರಲ್ಲಿ ಒಂದು ಕಾರ್ಡು ಈಗ ಇಷ್ಟು ದೂರ, ನಾನು ಕೆಲಸ ಮಾಡೋ ಲಾಂಡ್ರಿಯ ಊಟದ ಮನೆ ಬಾಗಿಲಿಗೆ ಬಂದಿದೆ. ಆಮೆನ್ ಮಾಮ ಅದನ್ನ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಹೊದಿಸಿ, ನಾಲ್ಕು ಮೂಲೆಗೂ ಟೇಪ್ ಹಚ್ಚಿ ಅಂಟಿಸಿದಾರೆ. ನಿನ್ನ ಸ್ನೇಹಿತರು, ನಂಗೆ ಕೆಲಸ ಕೊಡಿಸಿದ ಸೂಪರ್‌ವೈಸರ್. ಮಾತಿಗೆ ಮೂರು ಸಲ ಆಮೆನ್ ಅಂತಾರೆ ಅಂತ ಹುಡುಗೀರು ಇಟ್ಟ ಹೆಸರು. ಕಾರ್ಡಲ್ಲಿ ಬರೆದಿರೋದು, "ಕೆಲಸ ಮಾಡಲಾರದವನು ಊಟ ಮಾಡಬಾರದು." ಹಿಂದೆ ಸೂರ್ಯೋದಯದ ಚಿತ್ರ.

ಯಾಕೆ ಅಂಟಿಸಿದ್ದು ಗೊತ್ತಾ? ಮಡಿಕೆ ಅಕ್ಕನಿಗೋಸ್ಕರ. ಒದ್ದೆ ಶೀಟಿನ ಎರಡು ತುದಿ ಇಬ್ಬರು ಹಿಡಿದು ಇಸ್ತ್ರಿ ಮಾಡೋ ಬಿಸಿ ರೋಲರಿಗೆ ಕೊಡಬೇಕು, ಆ ತುದಿ ಅವಳು, ಈ ತುದಿ ನಾನು. ಕಣ್ಣು ಮುಚ್ಚಿ ಮಡಿಚಿದ್ರೂ ಅಂಚಿಗೆ ಅಂಚು ಕೂರಿಸ್ತಾಳೆ, ಅದಕ್ಕೇ ಆ ಹೆಸರು. ಶನಿವಾರ ಅವಳ ಬಲಗೈ ರೋಲರಿಗೆ ತಾಗಿ ಸುಟ್ಟುಹೋಯ್ತು. ಅಂಗೈ ಪೂರ್ತಿ ಗುಳ್ಳೆ. ಮೂರು ವಾರ ಕೈ ಒದ್ದೆ ಮಾಡಬೇಡ, ಬಿಸಿ ಹತ್ರ ಹೋಗಬೇಡ ಅಂತ ಡಾಕ್ಟರ್ ಬರೆದುಕೊಟ್ಟಿದಾರೆ. ಇವತ್ತು ಊಟದ ಟೋಕನ್ ಕೇಳೋಕೆ ಹೋದ್ರೆ ಆಮೆನ್ ಮಾಮ ಬಾಗಿಲು ತೋರಿಸಿ, "ಓದಮ್ಮಾ, ಇದು ನನ್ನ ಮಾತಲ್ಲ. ದೇವರ ಮಾತು. ಆಮೆನ್" ಅಂದ್ರು.

ಅಕ್ಕ ನಮ್ಮ ಸಭೆಯವಳಲ್ಲ ಅಪ್ಪ. ಅವಳು ಬಾಗಿಲು ಓದಿ, ನನ್ನ ಮುಖ ನೋಡಿ, ಮೆಟ್ಟಿಲು ಹತ್ತಿ ಮೇಲಿನ ರೂಮಿಗೆ ಹೋದಳು. ನನ್ನ ತಟ್ಟೆಯಲ್ಲಿ ಅರ್ಧ ಎತ್ತಿಟ್ಟು ತಗೊಂಡು ಹೋದೆ. ಮೈಯೆಲ್ಲ ಉರೀತಿದೆ.

ಹಾ, ಸತ್ಯವೇದ ಓದ್ತಿದೀನಿ. ದಿನಾ ಒಂದು ಅಧ್ಯಾಯ. ಕೇಳೋ ಮುಂಚೆನೇ ಹೇಳ್ಬಿಟ್ಟೆ.

---

ಮಾರ್ಚ್ ೫
ಮಗಳಿಗೆ, ಕಾಗದದಲ್ಲಿ

ಕರ್ತನಲ್ಲಿ ಪ್ರಿಯ ಮಗಳು ಚಿನಕುರುಳಿಗೆ,

ನಿನ್ನ ಮಾತನ್ನು ಸ್ಕೂಲ್ ಬಸ್ಸಿನ ಡ್ರೈವರ್ ಸೀಟಿನಲ್ಲೇ ಕೂತು ಕೇಳಿದೆ. ಅರ್ಧಕ್ಕೆ ಮಕ್ಕಳು ಹತ್ತಿದರು. ಉಳಿದದ್ದನ್ನು ಮಧ್ಯಾಹ್ನ ಶಾಲೆಯ ಗೇಟಿನ ಮುಂದೆ ಬಸ್ಸು ನಿಲ್ಲಿಸಿಕೊಂಡು ಕೇಳಿದೆ. ನೀನು ಅಷ್ಟು ಜೋರಾಗಿ ಮಾತನಾಡಬೇಡ, ನಮ್ಮ ಆಯಾ ಹೆದರಿ ತಿರುಗಿ ನೋಡಿದಳು.

ನೀನು ದಿನವೂ ಓದುತ್ತಿರುವುದು ತಿಳಿದು ಸಮಾಧಾನವಾಯಿತು. ಓದದೆ ಶುರುವಾದ ದಿನ ಗುಂಡಿ ತಪ್ಪಿ ಹಾಕಿಕೊಂಡ ಅಂಗಿಯ ಹಾಗೆ, ಕೊನೆಯವರೆಗೂ ಒಂದು ಕಡೆ ಜೋತುಬಿದ್ದೇ ಇರುತ್ತದೆ. ಇದನ್ನು ನಾನು ಸಭೆಯಲ್ಲಿಯೂ ಹೇಳುತ್ತಿರುತ್ತೇನೆ.

ಕೆಲಸದ ಜಾಗದಲ್ಲಿ ವಾಕ್ಯವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿದ್ದಾರೆ ಎಂದು ಕೇಳಿ ಕಣ್ಣು ತುಂಬಿ ಬಂತು. ಗೇಟಿನ ಮುಂದೆ ಕೂತು ಬರೆದ ನಾಲ್ಕು ಪದ ಎಷ್ಟು ದೂರ ಹೋಯಿತು ನೋಡು! ಸೂಪರ್‌ವೈಸರ್ ಭಯಭಕ್ತಿಯುಳ್ಳ ಮನುಷ್ಯ. ಊಟದ ವಿಷಯದಲ್ಲಿ ಅವರಿಗೂ ಮೇಲಿನವರ ಒತ್ತಡ ಇರಬಹುದು. ನನ್ನ ಒಂದು ಮಾತಿಗೆ ನಿನಗೆ ಕೆಲಸ ಕೊಟ್ಟವರು, ಅವರಿಗೆ ಎದುರು ಮಾತನಾಡಬೇಡ. ಆ ಹೆಂಗಸಿಗಾಗಿ ಪ್ರಾರ್ಥಿಸುತ್ತೇನೆ. ನೀನು ಊಟ ಹಂಚಿಕೊಂಡದ್ದು ಒಳ್ಳೆಯದು.

ಅಮ್ಮ ಏನೋ ಹೇಳಬೇಕಂತೆ. ಇನ್ನೊಮ್ಮೆ ಬರೆಯುತ್ತೇನೆ. ಈ ಕಾಗದವನ್ನೂ ಎಂದಿನಂತೆ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಿದ್ದೇನೆ.

ನಿನ್ನ ಅಪ್ಪ

---

ಮಾರ್ಚ್ ೭
ಅಪ್ಪನಿಗೆ, ಮಾತಿನಲ್ಲಿ

ಕಣ್ಣು ತುಂಬಿ ಬಂತಾ? ಅಪ್ಪಾ, ನಿನಗೆ ಕಣ್ಣು ತುಂಬಿ ಬಂತಾ?! ಒಬ್ಬಳು ಆರು ದಿನದಿಂದ ಕದ್ದು ತಿನ್ನೋ ಹಾಗೆ ನನ್ನ ತಟ್ಟೆಯಲ್ಲಿ ತಿಂತಿದಾಳೆ, ನಿನಗೆ ನಿನ್ನ ಕಾರ್ಡ್ ಎಷ್ಟು ದೂರ ಹೋಯ್ತು ಅನ್ನೋ ಲೆಕ್ಕ!

ಒಂದು ವಿಷಯ ಹೇಳ್ತೀನಿ, ಬೈದ್ರೆ ಬೈಕೋ. ನಾನು ಓದ್ತಿರಲಿಲ್ಲ. ಊರು ಬಿಟ್ಟು ಇಲ್ಲಿಗೆ ಬಂದು ಏಳು ತಿಂಗಳಾಯ್ತು, ನೀನು ಕೊಟ್ಟ ಸತ್ಯವೇದ ಸೂಟ್‌ಕೇಸಿನ ತಳದಲ್ಲಿ ಸ್ವೆಟರ್ ಸುತ್ತಿಕೊಂಡು ಮಲಗಿತ್ತು. ನೀನು ಕೇಳಿದಾಗೆಲ್ಲ ಹೂಂ ಅಂದಿದ್ದು ಸುಳ್ಳು.

ನಿನ್ನೆ ತೆಗೆದೆ. ಭಕ್ತಿ ಬಂದು ಅಲ್ಲ, ಸಿಟ್ಟು ಬಂದು. ಈ ಮಾತು ಯಾರು ಹೇಳಿದ್ದು, ಯಾವ ಕಲ್ಲು ಹೃದಯದವನು ಬರೆದಿದ್ದು ಅಂತ ನೋಡಿ, ಆ ಪುಟ ನಿನಗೆ ಕಳಿಸಿ, ಇನ್ನು ಈ ಪುಸ್ತಕ ನಂಗೆ ಬೇಡ ಅನ್ನೋಣ ಅಂತ. ಹುಡುಕೋಕೆ ಒಂದು ಗಂಟೆ ಆಯ್ತು. ಅಪೊಸ್ತಲ ಒಂದು ಸಭೆಗೆ ಬರೆದ ಆ ಸಣ್ಣ ಪತ್ರ, ಮೂರನೇ ಅಧ್ಯಾಯ.

ಅಪ್ಪಾ, ಅಲ್ಲಿ "ಮಾಡಲಾರದವನು" ಅಂತ ಇಲ್ಲ.

"ಮಾಡಲೊಲ್ಲದವನು" ಅಂತ ಇದೆ.

ಮೂರು ಸಲ ಬೆರಳಿಟ್ಟು ಓದಿದೆ. ಒಲ್ಲದವನು! ಮನಸ್ಸಿಲ್ಲದವನು, ಮೈಗಳ್ಳ. ನೀನು ಬರೆದಿದ್ದು ಲಾರದವನು. ಕೈಲಾಗದವನು, ಅಂಗೈ ಸುಟ್ಟುಕೊಂಡವಳು. ಆ ಮನುಷ್ಯ ಮೈಗಳ್ಳರಿಗೆ ಅಂದ ಮಾತನ್ನ ನೀನು ಕೈಲಾಗದೋರಿಗೆ ಅನ್ನಿಸಿಬಿಟ್ಟೆ.

ಪೂರ್ತಿ ಅಧ್ಯಾಯ ಓದಿದೆ. ಯಾರಿಗೂ ಹೊರೆಯಾಗಬಾರದು ಅಂತ ಅವನೇ ಕೈಯಾರೆ ದುಡೀತಿದ್ದನಂತೆ. ದುಡಿಯೋ ಶಕ್ತಿ ಇಟ್ಕೊಂಡು ಊರವರ ವಿಷಯಕ್ಕೆ ಮೂಗು ತೂರಿಸ್ಕೊಂಡು ತಿರುಗೋರಿಗೆ ಬೈತಿದಾನೆ. ಮೂರೇ ಸಾಲು ಆದ್ಮೇಲೆ ಒಳ್ಳೇದು ಮಾಡೋಕೆ ಬೇಜಾರು ಪಟ್ಕೋಬೇಡಿ ಅಂತಾನೆ. ಆ ಸಾಲಿಗೆ ಜಲಪಾತ ಸಿಗಲಿಲ್ವಾ ನಿಂಗೆ?

ಹೇಳು. ಯಾಕೆ ಹಾಗೆ ಬರೆದೆ?

---

ಮಾರ್ಚ್ ೯
ಮಗಳಿಗೆ, ಕಾಗದದಲ್ಲಿ

ಮಗಳೇ,

ನೀನು ಓದದೇ ಓದುತ್ತಿದ್ದೇನೆ ಎಂದದ್ದು ನನಗೆ ನೋವು ತಂದಿದೆ. ಅದರ ಬಗ್ಗೆ ಬೇರೆ ಬರೆಯುತ್ತೇನೆ.

ನೀನು ಎತ್ತಿದ ಪ್ರಶ್ನೆಗೆ ಉತ್ತರ: "ಒಲ್ಲದ" ಎಂಬುದು ಹಳೆಯ ಮಾತು. ಗ್ರೂಪಿನಲ್ಲಿ ಮುನ್ನೂರು ಜನರಿದ್ದಾರೆ, ಚಿಕ್ಕವರೂ ಇದ್ದಾರೆ. ಎಲ್ಲರಿಗೂ ತಿಳಿಯಲಿ ಎಂದು ನಾನೇ ಸುಲಭ ಮಾಡಿ ಬರೆದೆ. ಎರಡರ ಭಾವವೂ ಒಂದೇ, ಕೆಲಸ ಮಾಡದವನು ಎಂದು. ಒಂದು ಅಕ್ಷರಕ್ಕೆ ಜೋತುಬಿದ್ದು ಹಿರಿಯರ ಮೇಲೆ ಹರಿಹಾಯುವುದು ಸರಿಯಲ್ಲ. ನಲವತ್ತು ವರ್ಷ ಈ ಪುಸ್ತಕದ ಜೊತೆ ಬದುಕಿದವನು ನಾನು. ನೀನು ನಿನ್ನೆ ತೆರೆದವಳು.

ಅಪ್ಪ

---

ಮಾರ್ಚ್ ೧೦
ಅಪ್ಪನಿಗೆ, ಮಾತಿನಲ್ಲಿ

ಹೌದು. ನಿನ್ನೆ ತೆರೆದವಳು. ತೆರೆದೆ ತಾನೆ?

ಎರಡೂ ಒಂದೇನಾ? ಚಿಕ್ಕೋಳಿದ್ದಾಗ ನಾನು ಹಾಲು ಒಲ್ಲೆ ಅಂದ್ರೆ ನೀನು ಕಣ್ಣು ಬಿಡ್ತಿದ್ದೆ. ಜ್ವರ ಬಂದು ನುಂಗಲಾರೆ ಅಂದಾಗ ಚಮಚದಲ್ಲಿ ಕುಡಿಸ್ತಿದ್ದೆ. ಆವಾಗ ವ್ಯತ್ಯಾಸ ಗೊತ್ತಿತ್ತಲ್ಲ ನಿಂಗೆ? ಈಗ ಭಾವ ಒಂದೇ ಆಗೋಯ್ತಾ? ಮತ್ತೆ ಇದೇನು ಕಷ್ಟದ ಮಾತೇ ಸುಲಭ ಮಾಡೋಕೆ?

ಇವತ್ತು ಏನಾಯ್ತು ಕೇಳು. ಬಟ್ಟೆ ಮೂಟೆಗೆ ನಂಬರ್ ಹಾಕೋ ಕಪ್ಪು ಮಾರ್ಕರ್ ತಗೊಂಡು ಹೋಗಿ, ಬಾಗಿಲ ಮೇಲೆ "ಲಾರ" ಹೊಡೆದು ಹಾಕಿ ಮೇಲೆ "ಲೊಲ್ಲ" ಬರೆದೆ. ಆಮೆನ್ ಮಾಮ ಓಡಿ ಬಂದ್ರು.

"ದೇವರ ವಾಕ್ಯ ತಿದ್ದೋಕೆ ನೀನ್ಯಾರೇ?"

"ನಾನು ತಿದ್ದಿಲ್ಲ ಮಾಮ, ತಿದ್ದಿದ್ದನ್ನ ಸರಿ ಮಾಡಿದೆ. ನಿಮ್ಮ ಪುಸ್ತಕ ತೆಗೆದು ನೋಡಿ."

"ಪುಸ್ತಕ ಊರಲ್ಲಿದೆ."

"ಫೋನಲ್ಲಿ ನೋಡಿ."

"ಫೋನಲ್ಲಿ ನಿಮ್ಮಪ್ಪ ಕಳಿಸಿದ್ದೇ ಇದೆ! ಹಿರಿಯರು ತಪ್ಪು ಬರೀತಾರಾ? ನಿಮ್ಮಪ್ಪನ ಹೆಸರಿನ ಮೇಲೆ ಮಸಿ ಬಳಿದಿದೀಯಲ್ಲೇ, ನಾಚಿಕೆ ಆಗಲ್ವಾ?"

ಹಿಂದೆ ಸಾಲಲ್ಲಿ ನಿಂತೋರೆಲ್ಲ ನಕ್ಕರು, ಯಾರಿಗೆ ನಕ್ಕರೋ ಗೊತ್ತಿಲ್ಲ. ಅರ್ಧ ಗಂಟೇಲಿ ಹೊಸಾ ಪ್ರಿಂಟ್ ಬಂತು. ಈ ಸಲ ಎರಡು. ಒಂದು ಊಟದ ಮನೆಗೆ, ಒಂದು ನಾವು ಮಲಗೋ ರೂಮಿನ ಬಾಗಿಲಿಗೆ. ಆರು ಮಂಚ ಇರೋ ರೂಮು ಅಪ್ಪ. ಶನಿವಾರ ಸಂಜೆ ಒಳಗೆ ಮಡಿಕೆ ಅಕ್ಕ ಮಂಚ ಖಾಲಿ ಮಾಡಬೇಕಂತೆ, ಕೆಲಸಕ್ಕೆ ಬರೋರಿಗೆ ಬೇಕಂತೆ. ಇಲ್ಲಿಂದ ಹೊರಗೆ ಹಾಕಿದ್ರೆ ಅವಳಿಗೆ ಹೋಗೋಕೆ ಜಾಗ ಇಲ್ಲ. ಮಾಲೀಕರ ಹತ್ರ ಹೇಳೋಣ ಅಂದ್ರೆ ಅವರು ತಿಂಗಳಿಗೊಂದು ಸಲ ಬರ್ತಾರೆ, ಅವರ ಭಾಷೆ ನಮಗೆ ಬರಲ್ಲ, ನಡುವೆ ಮಾತಾಡಿಕೊಡೋರೂ ಇದೇ ಆಮೆನ್ ಮಾಮ.

ಆ ಪತ್ರದ ಕೊನೇಲಿ ಇನ್ನೊಂದು ಇದೆ, ಕಾರ್ಡ್ ಬರೆಯೋವಾಗ ನೀನು ನೋಡಿರಲ್ಲ. ಅಪೊಸ್ತಲ ಇದಕ್ಕೆ ನನ್ನ ಕೈಯಿಂದಲೇ ಗುರುತು ಹಾಕಿದೀನಿ ಅಂತಾನೆ. ಯಾಕಂದ್ರೆ ಅವನು ಬರೆಯದೇ ಇದ್ದಿದ್ದನ್ನ ಅವನ ಹೆಸರಲ್ಲಿ ಹಂಚೋ ಜನ ಆವಾಗಲೇ ಇದ್ರು ಅನ್ಸುತ್ತೆ. ಈಗ ಅವರಲ್ಲಿ ನೀನೂ ಒಬ್ಬ.

ಶನಿವಾರಕ್ಕೆ ನಾಲ್ಕು ದಿನ ಇದೆ. ನೀನು ಅವರಿಗೆ ಒಂದು ಮಾತು ಹೇಳು. ನಾನು ತಪ್ಪು ಬರೆದೆ ಅಂತ. ಅಷ್ಟೇ ಸಾಕು.

---

ಮಾರ್ಚ್ ೧೩, ಬೆಳಿಗ್ಗೆ
ಅಪ್ಪನಿಗೆ, ಮಾತಿನಲ್ಲಿ

ಮೂರು ದಿನ ಆಯ್ತು. ಕೇಳಿದೀಯ ಅಂತ ಫೋನು ತೋರಿಸ್ತಿದೆ. ಬೆಳಿಗ್ಗೆ ಕಾರ್ಡ್ ಮಾತ್ರ ಬಿಡದೇ ಕಳಿಸ್ತಿದೀಯ. ಇವತ್ತು ಬಾತುಕೋಳಿ. ಆ ಬಾತುಕೋಳಿಗೆ ನಾನೇನು ಹೇಳಲಿ?

ಒಂದು ಮಾತು ಬಾಕಿ ಇದೆ, ಹೇಳ್ಬಿಡ್ತೀನಿ. ನೀನು ಮುಚ್ಚಿಡ್ತೀಯ ಅಂತ ಬೈದು ನಾನೇ ಮುಚ್ಚಿಟ್ಟರೆ ಹೇಗೆ? ಅಕ್ಕನ ಕೈ ಸುಟ್ಟ ದಿನ ಶೀಟ್ ಎಳೆದಿದ್ದು ನಾನು. ಅವಳು ತುದಿ ಬಿಡೋ ಮುಂಚೆನೇ ಎಳೆದೆ. ಬೇಗ ಮುಗಿಸಿ ಹೋಗೋಣ ಅನ್ನೋ ಅವಸರ ನಂದು. ಶೀಟಿನ ಜೊತೆ ಅವಳ ಕೈಯೂ ರೋಲರಿಗೆ ಹೋಯ್ತು. ಅವಳು ಇದುವರೆಗೆ ಯಾರ ಹತ್ರಾನೂ ಹೇಳಿಲ್ಲ. ನಾನೂ ಹೇಳಿಲ್ಲ.

ಹಾಗಾಗಿ ಅಪ್ಪ, ಅವಳ ಕೈ ಸುಟ್ಟಿದ್ದು ನಾನು, ಊಟ ಕಿತ್ಕೊಂಡಿದ್ದು ನೀನು. ಒಂದೇ ಮನೆಯವರು. ಎಷ್ಟು ಚೆನ್ನಾಗಿದೆ ಅಲ್ವಾ?

---

ಮಾರ್ಚ್ ೧೩, ಸಂಜೆ
ಮಗಳಿಗೆ, ಕಾಗದದಲ್ಲಿ

ಚಿನಕುರುಳಿ,

ಮೂರು ದಿನ ಬರೆದು ಹರಿದು ಹಾಕಿದೆ. ಈ ಕಾಗದ ಹರಿಯುವುದಿಲ್ಲ.

ಸುಲಭ ಮಾಡಿ ಬರೆದೆ ಎಂದದ್ದು ಸುಳ್ಳು. ನಾನು ಪುಸ್ತಕ ನೋಡಲೇ ಇಲ್ಲ. ಬಸ್ಸನ್ನು ಗೇಟಿನ ಮುಂದೆ ನಿಲ್ಲಿಸಿ, ಗಂಟೆ ಹೊಡೆಯುವ ಮೊದಲು, ನೆನಪಿಗೆ ಬಂದದ್ದನ್ನು ಬರೆದು ಕಳಿಸುತ್ತೇನೆ. ಎಷ್ಟು ದಿನದಿಂದ? ಎರಡು ವರ್ಷ ಆಗಿರಬೇಕು. ಮೊದಲು ಮನೆಯಲ್ಲಿ ಓದಿ, ಬರೆದು, ಬಸ್ಸಿಗೆ ಹೋಗುತ್ತಿದ್ದೆ. ಆಮೇಲೆ ನನಗೆ ಎಲ್ಲ ಬಾಯಿಗೆ ಬರುತ್ತದೆ ಎನ್ನಿಸಿತು. ಬಾಯಿಗೆ ಬಂದದ್ದನ್ನು ದೇವರ ಬಾಯಿಂದ ಬಂದದ್ದು ಎಂದು ಮುನ್ನೂರು ಜನರಿಗೆ ಹಂಚಿದೆ. ಓದದೇ ಓದಿದೆ ಎಂದು ನೀನು ಸುಳ್ಳು ಹೇಳಿದ್ದಕ್ಕೆ ನನಗೆ ನೋವಾಯಿತು ಎಂದು ಬರೆದೆನಲ್ಲ, ನನ್ನ ಸುಳ್ಳಿಗೆ ಸೂರ್ಯೋದಯದ ಚಿತ್ರವಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಕಾರ್ಡ್ ಹೋದ ದಿನವೇ ನಿನ್ನ ಅಮ್ಮ ಹೇಳಿದ್ದಳು. ಅವಳು ದಿನವೂ ಅಡುಗೆಮನೆಯ ಕಿಟಕಿಯ ಬಳಿ ನಿಂತು ಓದುತ್ತಾಳೆ, ಯಾರಿಗೂ ಕಳಿಸುವುದಿಲ್ಲ. "ರೀ, ಅದು ಹಾಗಿಲ್ಲ, ಒಲ್ಲದವನು ಅಂತಿದೆ" ಎಂದಳು. "ನನಗೇ ಪಾಠ ಹೇಳ್ತೀಯಾ, ಒಲೆ ನೋಡು ಹೋಗು" ಎಂದೆ. ಹೌದು, ಹಾಗೆಯೇ ಅಂದೆ. ಅಂದೇ ಅವಳ ಮಾತು ಕೇಳಿ ಅರ್ಧ ನಿಮಿಷ ಪುಟ ತಿರುಗಿಸಿದ್ದರೆ ಆ ಹೆಂಗಸು ಉಣ್ಣುತ್ತಿದ್ದಳು. ಅಮ್ಮ ನಿನಗೆ ಹೇಳಬೇಕೆಂದಿದ್ದು ಇದನ್ನೇ. ನಾನು ಬಿಡಲಿಲ್ಲ.

ಈಗ ತಾನೇ ಗ್ರೂಪಿಗೆ ಕಳಿಸಿದೆ. ಕಾರ್ಡಲ್ಲ. ಪುಟದ ಫೋಟೋ ತೆಗೆದು, ಆ ಪದದ ಕೆಳಗೆ ಬೆರಳಿಟ್ಟು. "ನಾನು ತಪ್ಪು ಬರೆದೆ. ನೋಡದೇ ಬರೆದೆ. ನನ್ನ ಹೆಂಡತಿ ತಿದ್ದಿದಾಗ ಬೈದೆ" ಎಂದು. ಭಾನುವಾರ ಸಭೆಯ ಮುಂದೆ ನಿಂತು ಇದನ್ನೇ ಹೇಳುತ್ತೇನೆ. ಹಿರಿಯನ ಸ್ಥಾನ ಉಳಿಯುತ್ತದೋ ಇಲ್ಲವೋ ಸಭೆಗೆ ಬಿಟ್ಟದ್ದು.

ನಾಳೆ ಮಧ್ಯಾಹ್ನ ನಿಮ್ಮ ಊಟದ ಹೊತ್ತಿಗೆ ಸೂಪರ್‌ವೈಸರಿಗೆ ಫೋನ್ ಮಾಡುತ್ತೇನೆ. ಬಾಗಿಲ ಹತ್ತಿರ ಇರು.

ನಿನ್ನ ಕೈಯಿಂದ ಆದದ್ದರ ಬಗ್ಗೆ ಬೈಯುವ ಯೋಗ್ಯತೆ ನನಗಿಲ್ಲ. ಆದರೆ ಅದನ್ನು ನನಗಲ್ಲ, ಅವಳಿಗೆ ಹೇಳು.

ಅಪ್ಪ

---

ಮಾರ್ಚ್ ೧೪
ಅಪ್ಪನಿಗೆ, ಮಾತಿನಲ್ಲಿ

ನೀನು ಫೋನಿಟ್ಟ ಮೇಲೆ ಏನಾಯ್ತು ಅಂತ ಹೇಳಬೇಕಲ್ಲ.

ಫೋನು ಬಂದಾಗ ಮಾಮ ಟೋಕನ್ ಡಬ್ಬಿ ಹಿಡ್ಕೊಂಡು ಬಾಗಿಲಲ್ಲೇ ಇದ್ರು. ನಿನ್ನ ಹೆಸರು ನೋಡಿ, ಈಗ ಮಗಳಿಗೆ ಬೀಳುತ್ತೆ ಬೈಗುಳ ಅಂತ ಖುಷಿಯಾಗಿ ಸ್ಪೀಕರ್ ಹಾಕಿದ್ರು. "ಪ್ರೈಸ್ ದ ಲಾರ್ಡ್ ಹಿರಿಯರೇ, ನಿಮ್ಮ ಮಗಳಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ!" ಅಂದ್ರು. ನೀನು "ಬುದ್ಧಿ ಹೇಳಬೇಕಾದ್ದು ನನಗೆ" ಅಂದಿದ್ದು ಇಡೀ ಸಾಲಿಗೆ ಕೇಳಿಸ್ತು. ರೋಲರ್ ನಿಂತಿತ್ತು. ನೀನು ಆ ಸಾಲನ್ನ ಪುಸ್ತಕ ನೋಡಿಕೊಂಡು ನಿಧಾನಕ್ಕೆ ಓದಿದೆ. ಪುಟ ತಿರುಗಿದ ಸದ್ದೂ ಬಂತು.

ನೀನು ಫೋನಿಟ್ಟ ಮೇಲೆ ಮಾಮ ಫೋನು ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಮೊಂಡು ಬಿದ್ರು.

"ವಾಕ್ಯ ತಪ್ಪಿರಬಹುದು. ರೂಲ್ ರೂಲೇ. ಕೆಲಸ ಇಲ್ಲ, ಟೋಕನ್ ಇಲ್ಲ."

ನಂಗೆ ಎಲ್ಲಿಂದ ಬಂತೋ, "ಹಾಗಾದ್ರೆ ರೂಲ್ ಅಂತ ಬರೀರಿ ಮಾಮ" ಅಂದೆ. ಮಾರ್ಕರ್ ಕೊಟ್ಟೆ. "ಸುಟ್ಟ ಕೈಯವಳಿಗೆ ಊಟ ಇಲ್ಲ ಅಂತ ಬರೆದು ಕೆಳಗೆ ನಿಮ್ಮ ಹೆಸರು ಹಾಕಿ. ದೇವರ ಹೆಸರು ಯಾಕೆ, ನಮ್ಮಪ್ಪನ ಹೆಸರು ಯಾಕೆ? ನಿಮ್ಮದೇ ಹಾಕಿ. ಮಾಲೀಕರು ಬಂದಾಗ ಓದ್ತಾರೆ."

ಅವರು ಮಾರ್ಕರ್ ಹಿಡ್ಕೊಂಡು ನಿಂತೇ ಇದ್ರು. ಹಿಂದಿನಿಂದ ಯಾರೋ, "ಬರೀರಿ ಮಾಮ, ಊಟ ತಣ್ಣಗಾಗ್ತಿದೆ" ಅಂದ್ರು. ಇನ್ನೊಬ್ಬಳು "ಆಮೆನ್" ಅಂದ್ಳು. ಈ ಸಲ ಎಲ್ಲರೂ ಯಾರಿಗೆ ನಕ್ಕರು ಅಂತ ನಂಗೆ ಗೊತ್ತಾಯ್ತು.

ಬರೀಲಿಲ್ಲ ಅಪ್ಪ. ಅದು ಮಾಲೀಕರ ರೂಲ್ ಆಗಿರಲಿಲ್ಲ, ಮಾಮನದ್ದೇ. ಕಾರ್ಡ್ ಕಿತ್ತರು, ಬಾಗಿಲ ಬಣ್ಣ ಟೇಪಿನ ಜೊತೆ ಎದ್ದು ಬಂತು. ಡಬ್ಬಿಯಿಂದ ಟೋಕನ್ ತೆಗೆದು ಮಡಿಕೆ ಅಕ್ಕನ ಕಡೆ ನೋಡದೇ ಚಾಚಿದ್ರು. ಮಂಚದ ವಿಷಯ ಎತ್ತಲೇ ಇಲ್ಲ, ಸಂಜೆ ಮೇಲೆ ರೂಮಿನ ಬಾಗಿಲಿನ ಕಾರ್ಡೂ ಹೋಗಿತ್ತು. ನನ್ನನ್ನ ಸೋಮವಾರದಿಂದ ಆಸ್ಪತ್ರೆಯ ಕೊಳೆ ಬಟ್ಟೆ ವಿಂಗಡಿಸೋ ಕಡೆ ಹಾಕಿದಾರೆ. ಹಾಕಲಿ.

ಅಕ್ಕ ಎಡಗೈಯಲ್ಲಿ ಊಟ ಮಾಡಿದ್ಳು. ಚಮಚ ಜಾರ್ತಾ ಇತ್ತು, ನಾನು ಹಿಡಿಯೋಕೆ ಹೋದ್ರೆ ಬೇಡ ಅಂದ್ಳು. ಆಮೇಲೆ ಕೇಳಿದ್ಳು, "ಒಂದಕ್ಷರಕ್ಕೆ ನಿಮ್ಮ ದೇವರು ನನ್ನ ಹನ್ನೆರಡು ದಿನ ಹೊರಗೆ ನಿಲ್ಲಿಸಿದನಾ?"

"ದೇವರಲ್ಲ ಅಕ್ಕ, ನಮ್ಮಪ್ಪ" ಅಂದೆ.

ಆಮೇಲೆ ಶೀಟಿನ ವಿಷಯಾನೂ ಹೇಳಿದೆ. "ಗೊತ್ತು" ಅಂದ್ಳು. ಅಷ್ಟೇ. ಎದ್ದು ತಟ್ಟೆ ತೊಳೆಯೋಕೆ ಹೋದ್ಳು, ಒಂದೇ ಕೈಯಲ್ಲಿ.

---

ಮಾರ್ಚ್ ೧೬
ಮಗಳ ಜೊತೆ ಕೆಲಸ ಮಾಡುವ ತಾಯಿಗೆ, ಕಾಗದದಲ್ಲಿ

ಅಮ್ಮಾ,

ಈ ಕಾಗದ ನನ್ನ ಮಗಳ ಫೋನಿಗೆ ಬರುತ್ತದೆ, ಅವಳು ನಿಮಗೆ ಓದಿ ಹೇಳುತ್ತಾಳೆ. ನೀವು ನನ್ನ ಧರ್ಮದವರಲ್ಲ, ನನ್ನ ಪುಸ್ತಕ ನಿಮ್ಮದಲ್ಲ. ಆದರೂ ಅದರ ಹೆಸರಿನಲ್ಲಿ ನಿಮ್ಮ ಊಟ ಹೋಯಿತು. ಆ ಪುಸ್ತಕ ನಿಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿಲ್ಲ. ಅದನ್ನು ತೆರೆಯದ ನಾನು ನಿಲ್ಲಿಸಿದೆ. ನಿನ್ನೆ ಸಭೆಯ ಮುಂದೆ ಹೇಳಿದೆ. ಕೆಲವರು "ಪರವಾಗಿಲ್ಲ ಹಿರಿಯರೇ, ಸಣ್ಣ ತಪ್ಪು" ಎಂದರು. ಅವರು ಹನ್ನೆರಡು ದಿನ ಹೊರಗೆ ನಿಂತವರಲ್ಲ. ಇದು ಸಣ್ಣದೋ ದೊಡ್ಡದೋ ಹೇಳಬೇಕಾದವರು ನೀವು. ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ.

ಕಾರ್ಡುಗಳನ್ನು ನಿಲ್ಲಿಸಿದ್ದೇನೆ. ಬೆಳಿಗ್ಗೆ ಬಸ್ಸು ತೆಗೆಯುವ ಮೊದಲು ಹೆಂಡತಿಯ ಪಕ್ಕ ಕಿಟಕಿಯ ಬಳಿ ನಿಂತು ಓದುತ್ತೇನೆ. ಅವಳು ಓದುತ್ತಾಳೆ, ನಾನು ಕೇಳುತ್ತೇನೆ ಎಂಬುದು ಹೆಚ್ಚು ಸರಿ.

ಒಬ್ಬ ಬಸ್ ಡ್ರೈವರ್

---

ಮಾರ್ಚ್ ೧೭
ಅಪ್ಪನಿಗೆ, ಮಾತಿನಲ್ಲಿ

ಓದಿ ಹೇಳಿದೆ. ಎರಡು ಸಲ ಓದಿಸಿದ್ಳು. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದ್ಳು. ಕೈಯ ಬ್ಯಾಂಡೇಜ್ ನಿನ್ನೆ ಬದಲಾಯಿಸಿದಾರೆ, ಚರ್ಮ ಗುಲಾಬಿ ಬಣ್ಣಕ್ಕೆ ಬರ್ತಿದೆ.

ಆಮೇಲೆ ಹೀಗಂದ್ಳು: "ನಿಮ್ಮಪ್ಪ ದೊಡ್ಡ ಮನಸ್ಸು ಮಾಡಿ ಬರೆದಿದಾರೆ. ಚೆನ್ನಾಗಿದೆ. ಆದ್ರೆ ಆ ಬಾಗಿಲ ಮುಂದೆ ತಲೆ ತಗ್ಗಿಸಿ ವಾಪಸ್ ಹತ್ತಿದ ಮೆಟ್ಟಿಲು ನಂಗಿನ್ನೂ ಮರೆತಿಲ್ಲ. ಕ್ಷಮಿಸಲಾರೆ ಅಂತಲ್ಲ ಕಣೇ. ಒಲ್ಲೆ. ಇವತ್ತಿಗೆ ಒಲ್ಲೆ. ನಿಂಗೂ ಅದೇ."

ನಾನು, "ಹಾಗೇ ಹೇಳಲಾ ಅಕ್ಕ? ಅಪ್ಪನಿಗೆ ಬೇಜಾರಾಗುತ್ತೆ, ಸ್ವಲ್ಪ ಮೆತ್ತಗೆ ಮಾಡಿ ಹೇಳಲಾ?" ಅಂದೆ.

"ಒಂದಕ್ಷರ ಮುಟ್ಟಿದ್ರೆ ನೋಡು" ಅಂದ್ಳು.

ಅದಕ್ಕೇ ಅಪ್ಪ, ಅವಳು ಹೇಳಿದ್ದನ್ನ ಹೇಳಿದ ಹಾಗೇ ಕಳಿಸ್ತಿದೀನಿ.